ಮಾವೇಲಿಕ್ಕರದಿಂದ ಹೊರಟ ಎರಡು ಗೆರೆಗಳು

ಭಾರತದ ರಾಜಕೀಯ ವ್ಯಂಗ್ಯಚಿತ್ರದ ಚರಿತ್ರೆಯನ್ನು ಬರೆಯಹೊರಟವರು ಯಾರೇ ಆಗಲಿ, ಕೇರಳದ ಆಲಪ್ಪುಳ ಜಿಲ್ಲೆಯ ಒಂದು ಸಣ್ಣ ಸೀಮೆಯ ಬಳಿ ಕೆಲಹೊತ್ತು ನಿಲ್ಲಲೇಬೇಕಾಗುತ್ತದೆ. ಕಾಯಂಕುಳ ಮತ್ತು ಮಾವೇಲಿಕ್ಕರ ಎಂಬ ನೆರೆಯೂರುಗಳನ್ನು ಒಳಗೊಂಡ, ಎಳ್ಳಿನ ಬೆಳೆಗೆ ಹೆಸರಾದ ಓಣಾಟ್ಟುಕರ ಎಂಬ ಈ ಸೀಮೆಯಲ್ಲಿ 1902ರಲ್ಲಿ ಶಂಕರ್, 1924ರಲ್ಲಿ ಅಬು ಅಬ್ರಹಾಂ, 1938ರಲ್ಲಿ ಯೇಶುದಾಸನ್ ಹುಟ್ಟಿದರು. ಶಂಕರ್ ದೆಹಲಿಯಲ್ಲಿ ನೆಲೆಸಿ ಒಂದು ತಲೆಮಾರಿನ ವ್ಯಂಗ್ಯಚಿತ್ರಕಾರರಿಗೆ ಗುರುವಾದರು. ಅಬು ಮುಂಬಯಿ, ದೆಹಲಿ, ಲಂಡನ್‌ಗಳನ್ನು ಸುತ್ತಿ ಕೊನೆಗೆ ತಿರುವನಂತಪುರಕ್ಕೆ ಮರಳಿದರು. ಯೇಶುದಾಸನ್ ಕೊಲ್ಲಂ ಮತ್ತು ದೆಹಲಿಗಳ ಹಾದಿ ಹಿಡಿದು ಕೊಚ್ಚಿಯಲ್ಲಿ ನೆಲೆನಿಂತರು. ಕೊನೆಯ ಇಬ್ಬರ ಬದುಕು ಮತ್ತು ಕೃತಿಗಳನ್ನು ಅಕ್ಕಪಕ್ಕದಲ್ಲಿ ಇಟ್ಟು ನೋಡಿದರೆ, ಒಂದೇ ಮಣ್ಣಿನಲ್ಲಿ ಹುಟ್ಟಿ ಒಂದೇ ಪತ್ರಿಕೆಯಲ್ಲಿ ಪಳಗಿದ ಕೈಗಳು ಎರಡು ಭಾಷೆಗಳಲ್ಲಿ ದುಡಿದಾಗ ಅವುಗಳ ಕೆಲಸ ಉಳಿದುಕೊಳ್ಳುವ ಬಗೆ ಎಷ್ಟು ಬೇರೆಯಾಗಬಲ್ಲದು ಎಂಬುದು ಸ್ಪಷ್ಟವಾಗುತ್ತದೆ. ಕನ್ನಡದ ಓದುಗರಿಗೆ ಈ ಸಂಗತಿ ಮುಖ್ಯವಾಗುವುದು ಆ ಕಾರಣಕ್ಕೇ.

ಮಾವೇಲಿಕ್ಕರಕ್ಕೆ ಚಿತ್ರಕಲೆ ಹೊಸತಲ್ಲ. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಯಾರ ಚಿತ್ರಗಳನ್ನು ಕನ್ನಡಿಗರು ತಲೆಮಾರುಗಳಿಂದ ನೋಡುತ್ತ ಬಂದಿದ್ದಾರೋ ಆ ರಾಜಾ ರವಿವರ್ಮನ ಪತ್ನಿಯ ಮನೆತನ ಈ ಊರಿನದು. ಅವನ ಮಗ, ಸ್ವತಃ ಕಲಾವಿದನಾಗಿದ್ದ ರಾಮವರ್ಮ, 1915ರಲ್ಲಿ ಇಲ್ಲಿ ತೆರೆದ ಕಲಾಶಾಲೆ ಇಂದಿಗೂ ತಂದೆಯ ಹೆಸರಿನ ಲಲಿತಕಲಾ ಕಾಲೇಜಾಗಿ ನಡೆಯುತ್ತಿದೆ. ಆದರೂ ಕಲಾಶಾಲೆಯಿಂದ ವ್ಯಂಗ್ಯಚಿತ್ರಕಾರರು ತಾವಾಗಿಯೇ ಹುಟ್ಟುವುದಿಲ್ಲ, ಏಕೆಂದರೆ ವ್ಯಂಗ್ಯಚಿತ್ರಕ್ಕೆ ಬರೆಯುವ ಕೈಯಷ್ಟೇ ಓದುವ ಜನವೂ ಬೇಕು. ದಕ್ಷಿಣ ಕೇರಳದಲ್ಲಿ ಆ ಜನ ಸಾಕಷ್ಟು ಮೊದಲೇ ಸಿದ್ಧವಾಗಿದ್ದರು. ಮೊದಲ ಮಹಾಯುದ್ಧದ ಬೆನ್ನಿಗೆ ಬಂದ ಬರಗಾಲವನ್ನು ರಕ್ಕಸರೂಪದಲ್ಲಿ ಚಿತ್ರಿಸಿದ ‘ಮಹಾಕ್ಷಾಮದೇವತ’ ಎಂಬ ಚಿತ್ರವು 1919ರಲ್ಲಿ ಕೊಲ್ಲಂನ ‘ವಿದೂಷಕನ್’ ಎಂಬ ಹಾಸ್ಯಪತ್ರಿಕೆಯಲ್ಲಿ ಅಚ್ಚಾಯಿತು, ಮತ್ತು ಮಲಯಾಳದ ಮೊದಲ ವ್ಯಂಗ್ಯಚಿತ್ರವೆಂದು ಅದನ್ನೇ ಗುರುತಿಸುವುದು ರೂಢಿ. 1945ರಲ್ಲಿ ಅಂಬಲಪ್ಪುಳದಲ್ಲಿ ಪಿ.ಎನ್. ಪಣಿಕ್ಕರ್ ಅವರ ಮುಂದಾಳುತನದಲ್ಲಿ ಆರಂಭವಾದ ಗ್ರಂಥಾಲಯ ಸಂಘವು ಹಳ್ಳಿಹಳ್ಳಿಗೆ ವಾಚನಾಲಯವನ್ನೂ ಅದರೊಂದಿಗೆ ದಿನಪತ್ರಿಕೆಯನ್ನೂ ಒಯ್ದಿತು. ಹಸಿವಿನ ಮುಖವನ್ನು ನಗೆಪತ್ರಿಕೆಯಲ್ಲಿ ಕಂಡು ಬೆಳೆದ, ಒಂದೇ ಪತ್ರಿಕೆಯನ್ನು ಹತ್ತು ಜನ ಕೂಡಿ ಓದಿ ವಾದಿಸುತ್ತಿದ್ದ ಸಮಾಜದಲ್ಲಿ ವ್ಯಂಗ್ಯಚಿತ್ರವನ್ನು ಪುಟ ತುಂಬಿಸುವ ಸಾಮಗ್ರಿಯಾಗಿ ಕಾಣುವುದು ಸಾಧ್ಯವಿರಲಿಲ್ಲ.

ಶಂಕರ್ ಎಂದೇ ಪ್ರಸಿದ್ಧರಾದ ಕೆ. ಶಂಕರ ಪಿಳ್ಳೈ ಅವರು ಕಾಯಂಕುಳ ಮತ್ತು ಮಾವೇಲಿಕ್ಕರಗಳಲ್ಲಿ ಶಾಲೆ ಓದಿ, ತಿರುವನಂತಪುರದ ಮಹಾರಾಜರ ವಿಜ್ಞಾನ ಕಾಲೇಜಿನಿಂದ, ಎಂದರೆ ಇಂದಿನ ಯೂನಿವರ್ಸಿಟಿ ಕಾಲೇಜಿನಿಂದ, 1927ರಲ್ಲಿ ಪದವಿ ಪಡೆದು ಕಾನೂನು ಓದಲು ಮುಂಬಯಿಗೆ ಹೋದವರು. ಓದಿಗಿಂತ ಗೆರೆಯ ಸೆಳೆತ ಹೆಚ್ಚಾಗಿ 1932ರಲ್ಲಿ ‘ಹಿಂದುಸ್ತಾನ್ ಟೈಮ್ಸ್’ ಸೇರಿದರು, 1948ರಲ್ಲಿ ದೆಹಲಿಯಿಂದ ‘ಶಂಕರ್ಸ್ ವೀಕ್ಲಿ’ ಎಂಬ ತಮ್ಮದೇ ವಾರಪತ್ರಿಕೆಯನ್ನು ಆರಂಭಿಸಿದರು. ತಮ್ಮನ್ನೂ ಬಿಡಬೇಡಿ ಎಂದು ಅದರ ಉದ್ಘಾಟನೆಯಲ್ಲಿ ನೆಹರೂ ಹೇಳಿದ ಮಾತು ಎಲ್ಲರಿಗೂ ಗೊತ್ತಿದೆ. ಆ ಪತ್ರಿಕೆ ಕಲಿಕೆಯ ಮನೆಯಾಗಿ ಮಾಡಿದ ಕೆಲಸ ಅಷ್ಟಾಗಿ ಗೊತ್ತಿಲ್ಲ. ಕುಟ್ಟಿ, ಅಬು, ಓ.ವಿ. ವಿಜಯನ್, ಯೇಶುದಾಸನ್, ರಂಗಾ ಮೊದಲಾದವರೆಲ್ಲ ಒಂದಲ್ಲ ಒಂದು ಕಾಲದಲ್ಲಿ ಆ ಪುಟಗಳಲ್ಲಿ ಕೈ ಪಳಗಿಸಿಕೊಂಡರು. ಅಂದು ವ್ಯಂಗ್ಯಚಿತ್ರ ಕಲಿಸುವ ಶಾಲೆ ದೇಶದಲ್ಲಿ ಇರಲಿಲ್ಲ. ಸುದ್ದಿಯಿಂದ ವಿಷಯ ಆರಿಸುವುದು, ಆರಿಸಿದ್ದನ್ನು ಒಂದು ಸನ್ನಿವೇಶವಾಗಿ ಕಟ್ಟುವುದು, ಅಚ್ಚಿನ ಗಡುವಿನೊಳಗೆ ಮುಗಿಸುವುದು ಎಂಬ ಮೂರನ್ನೂ ಕೆಲಸ ಮಾಡುತ್ತಲೇ ಕಲಿಯಬೇಕಿತ್ತು, ಮತ್ತು ಆ ಕಲಿಕೆಗೆ ವಾರವಾರವೂ ಬರಿದಾದ ಪುಟವನ್ನು ಮುಂದಿಡುವ ಪತ್ರಿಕೆಯೊಂದು ಬೇಕಿತ್ತು.

ಅಟ್ಟುಪುರತ್ತು ಮ್ಯಾಥ್ಯೂ ಅಬ್ರಹಾಂ 1924ರ ಜೂನ್ 11ರಂದು ಮಾವೇಲಿಕ್ಕರದಲ್ಲಿ ಜನಿಸಿ, ಶಂಕರ್ ಓದಿದ್ದ ಅದೇ ಯೂನಿವರ್ಸಿಟಿ ಕಾಲೇಜಿನಲ್ಲಿ 1945ರಲ್ಲಿ ಪದವಿ ಮುಗಿಸಿದರು. ಅವರು ವೃತ್ತಿಗೆ ಬಂದದ್ದು ವರದಿಗಾರರಾಗಿ. ಮುಂಬಯಿಯ ‘ಬಾಂಬೆ ಕ್ರಾನಿಕಲ್’ನಲ್ಲಿ ಸುದ್ದಿ ಬರೆಯುತ್ತಲೇ ಚಿತ್ರವನ್ನೂ ಬಿಡಿಸುತ್ತಿದ್ದರು. ವರದಿಗಾರಿಕೆಯ ಈ ಅಡಿಪಾಯವನ್ನು ಅವರ ಕಲೆಯ ಚರ್ಚೆಯಲ್ಲಿ ಹಗುರವಾಗಿ ಕಾಣಬಾರದು, ಏಕೆಂದರೆ ಮುಂದೆ ಅವರ ಶ್ರೇಷ್ಠ ಚಿತ್ರಗಳಲ್ಲೆಲ್ಲ ಕಾಣುವ ಗುಣವೆಂದರೆ ನಡೆದದ್ದು ಏನು, ಅದನ್ನು ಮಾಡಿದ್ದು ಯಾರು, ಹೇಗೆ ಎಂಬ ವರದಿಗಾರನ ಪ್ರಶ್ನೆಗಳಿಗೆ ಅವು ಕೊಡುವ ಖಚಿತ ಉತ್ತರ. 1951ರಲ್ಲಿ ಶಂಕರ್ ಅವರ ಕರೆಯ ಮೇರೆಗೆ ದೆಹಲಿಗೆ ಹೋಗಿ ಎರಡು ವರ್ಷ ‘ಶಂಕರ್ಸ್ ವೀಕ್ಲಿ’ಯಲ್ಲಿ ದುಡಿದ ಮೇಲೆ, ಲಂಡನ್ನಿನ ‘ಸ್ಟಾರ್’ ಪತ್ರಿಕೆಯ ವ್ಯಂಗ್ಯಚಿತ್ರಕಾರ ಫ್ರೆಡ್ ಜಾಸ್ ಅವರ ಪರಿಚಯ ಮತ್ತು ಒತ್ತಾಸೆಯಿಂದ 1953ರಲ್ಲಿ ಇಂಗ್ಲೆಂಡಿಗೆ ಹೊರಟರು. ಅಲ್ಲಿ ‘ಪಂಚ್’ ಮೊದಲಾದ ಪತ್ರಿಕೆಗಳಿಗೆ ಬಿಡಿಚಿತ್ರಗಳನ್ನು ಮಾರಿ ಜೀವನ ನಡೆಸುತ್ತಿದ್ದವರನ್ನು 1956ರಲ್ಲಿ ‘ಅಬ್ಸರ್ವರ್’ ವಾರಪತ್ರಿಕೆಯ ಸಂಪಾದಕ ಡೇವಿಡ್ ಆ್ಯಸ್ಟರ್ ತಮ್ಮ ಪತ್ರಿಕೆಯ ಮೊದಲ ರಾಜಕೀಯ ವ್ಯಂಗ್ಯಚಿತ್ರಕಾರನನ್ನಾಗಿ ನೇಮಿಸಿಕೊಂಡರು.

ಆ ವರ್ಷದ ಮಹತ್ವವನ್ನು ಗಮನಿಸಬೇಕು. ಈಜಿಪ್ಟ್ ಸುಯೆಜ್ ಕಾಲುವೆಯನ್ನು ರಾಷ್ಟ್ರೀಕರಿಸಿದಾಗ ಬ್ರಿಟನ್ ಮತ್ತು ಫ್ರಾನ್ಸ್ ಇಸ್ರೇಲಿನೊಡಗೂಡಿ ದಾಳಿ ಮಾಡಿದ್ದನ್ನು ‘ಅಬ್ಸರ್ವರ್’ ಕಟುವಾಗಿ ಖಂಡಿಸಿ, ಓದುಗರನ್ನೂ ಜಾಹೀರಾತುಗಳನ್ನೂ ಕಳೆದುಕೊಳ್ಳುವ ಬೆಲೆ ತೆತ್ತಿತು. ಸಾಮ್ರಾಜ್ಯ ಕಳಚಿಬೀಳುತ್ತಿದ್ದ ಆ ಹೊತ್ತಿನಲ್ಲಿ, ಒಂಬತ್ತು ವರ್ಷಗಳ ಹಿಂದಷ್ಟೇ ಸ್ವತಂತ್ರವಾಗಿದ್ದ ದೇಶದ ತರುಣನೊಬ್ಬ ಆ ಸಾಮ್ರಾಜ್ಯದ ರಾಜಧಾನಿಯಲ್ಲಿಯೇ ಕುಳಿತು ಅದರ ಮಂತ್ರಿಗಳನ್ನು ಗೆರೆಗೆ ಇಳಿಸತೊಡಗಿದ್ದು ಪತ್ರಿಕೋದ್ಯಮದ ಚರಿತ್ರೆಯಲ್ಲಿ ಸಣ್ಣ ಘಟನೆಯಲ್ಲ. ಅಬ್ರಹಾಂ ಎಂಬ ಸಹಿಯನ್ನು ಕಂಡ ಯುರೋಪಿನ ಓದುಗರು ಚಿತ್ರಕಾರನನ್ನು ಯಹೂದಿಯೆಂದು ಭಾವಿಸಿ, ಪಶ್ಚಿಮ ಏಷ್ಯಾದ ಕುರಿತ ಚಿತ್ರಗಳಿಗೆ ಅವುಗಳಲ್ಲಿಲ್ಲದ ಪಕ್ಷಪಾತವನ್ನು ಆರೋಪಿಸಬಹುದೆಂದು ಆ್ಯಸ್ಟರ್ ಸೂಚಿಸಿದ್ದರಿಂದ ‘ಅಬು’ ಎಂಬ ಹೆಸರು ಹುಟ್ಟಿತು. ಹತ್ತು ವರ್ಷ ‘ಅಬ್ಸರ್ವರ್’ನಲ್ಲಿಯೂ ಅನಂತರ 1966ರಿಂದ ಮೂರು ವರ್ಷ ‘ಗಾರ್ಡಿಯನ್’ನಲ್ಲಿಯೂ ಅವರು ಬಿಡಿಸಿದರು. 1962ರಲ್ಲಿ ಕ್ಯೂಬಾಕ್ಕೆ ಹೋಗಿ ಚೆ ಗುವಾರಾನನ್ನು ಎದುರು ಕೂರಿಸಿಕೊಂಡು ರೇಖಾಚಿತ್ರ ಮಾಡಿದ್ದು, ವಿಯೆಟ್ನಾಂ ಯುದ್ಧದ ಕುರಿತು ನಾನಾ ದೇಶಗಳ ವ್ಯಂಗ್ಯಚಿತ್ರಗಳನ್ನು ಕೂಡಿಸಿ 1968ರಲ್ಲಿ ‘ವರ್ಡಿಕ್ಟ್ಸ್ ಆನ್ ವಿಯೆಟ್ನಾಂ’ ಎಂಬ ಸಂಕಲನ ತಂದದ್ದು, ‘ನೋ ಆರ್ಕ್ಸ್’ ಎಂಬ ಕಿರು ಆ್ಯನಿಮೇಷನ್ ಚಿತ್ರಕ್ಕೆ 1970ರ ಲಂಡನ್ ಚಲನಚಿತ್ರೋತ್ಸವದಲ್ಲಿ ವಿಶೇಷ ಪ್ರಶಸ್ತಿ ಪಡೆದದ್ದು ಇವೆಲ್ಲ ಆ ಅವಧಿಯ ಆಸುಪಾಸಿನ ಸಾಧನೆಗಳು.

ಅಬು ಅವರ ಗೆರೆಯ ಸ್ವರೂಪವನ್ನು ಅರ್ಥಮಾಡಿಕೊಳ್ಳಲು ಅಂದಿನ ಅಚ್ಚಿನ ವಿಧಾನವನ್ನು ತಿಳಿಯಬೇಕಾಗುತ್ತದೆ. ಮೊಳೆ ಜೋಡಿಸಿ ಮುದ್ರಿಸುತ್ತಿದ್ದ ಕಾಲದಲ್ಲಿ ವ್ಯಂಗ್ಯಚಿತ್ರವನ್ನು ಸತುವಿನ ತಗಡಿನ ಮೇಲೆ ಆಮ್ಲದಿಂದ ಕೊರೆಸಿ ಬ್ಲಾಕ್ ಮಾಡಿಸಲಾಗುತ್ತಿತ್ತು. ಇಂಥ ಗೆರೆಬ್ಲಾಕಿನಲ್ಲಿ ಮೂಡುವುದು ಕಪ್ಪು ಮತ್ತು ಬಿಳುಪು ಮಾತ್ರ, ನಡುವಿನ ಬೂದುಬಣ್ಣಕ್ಕೆ ಎಡೆಯಿಲ್ಲ. ಬೂದು ಬೇಕೆಂದರೆ ಸಣ್ಣ ಗೆರೆಗಳನ್ನು ಒತ್ತೊತ್ತಾಗಿ, ಅಡ್ಡಡ್ಡವಾಗಿ ಎಳೆದು ಕಣ್ಣಿಗೆ ಹಾಗೆ ತೋರುವಂತೆ ಮಾಡಬೇಕು. ಬ್ರಿಟಿಷ್ ಪರಂಪರೆಯ ಬಹುಪಾಲು ಚಿತ್ರಕಾರರು, ಮತ್ತು ಅವರ ಪ್ರಭಾವದಲ್ಲಿದ್ದ ಭಾರತೀಯರು, ಈ ಅಡ್ಡಗೆರೆಗಳಿಂದಲೋ ಕುಂಚದ ದಪ್ಪ ಕಪ್ಪಿನಿಂದಲೋ ಚಿತ್ರಕ್ಕೆ ತೂಕ ತರುತ್ತಿದ್ದರು. ಅಬು ಅದಕ್ಕೆ ವಿರುದ್ಧವಾದ ದಾರಿ ಹಿಡಿದರು: ನೆರಳು, ಹಿನ್ನೆಲೆ, ಪೀಠೋಪಕರಣಗಳ ವಿವರ ಎಲ್ಲವನ್ನೂ ಕಳಚಿ, ಕೆಲವೇ ಗೆರೆಗಳಲ್ಲಿ ಆಕೃತಿಯನ್ನು ನಿಲ್ಲಿಸಿ, ಉಳಿದ ಜಾಗವನ್ನು ಬಿಳಿಯಾಗಿಯೇ ಬಿಟ್ಟರು. ವ್ಯಕ್ತಿಯ ಮೂಗು, ಹಣೆ, ನಿಲುವುಗಳನ್ನು ಉತ್ಪ್ರೇಕ್ಷಿಸಿ ಗುರುತು ಹಿಡಿಯುವಂತೆ ಮಾಡುವ ಕ್ಯಾರಿಕೇಚರ್ ಅವರಲ್ಲಿ ಇದ್ದೇ ಇದೆ, ಆದರೆ ಅದು ಅವರ ಮುಖ್ಯ ಬಲವಲ್ಲ. ಅವರ ಬಲವಿರುವುದು ಸನ್ನಿವೇಶದ ಆಯ್ಕೆಯಲ್ಲಿ.

1969ರಲ್ಲಿ ‘ಇಂಡಿಯನ್ ಎಕ್ಸ್‌ಪ್ರೆಸ್’ ಸೇರಲು ಅವರು ದೇಶಕ್ಕೆ ಮರಳಿದಾಗ ಬ್ಯಾಂಕುಗಳ ರಾಷ್ಟ್ರೀಕರಣವಾಗಿತ್ತು, ಕಾಂಗ್ರೆಸ್ ಒಡೆಯುವುದರಲ್ಲಿತ್ತು. ಖಾದಿ ತೊಟ್ಟು ಗಾಂಧಿ ಟೋಪಿ ಇಟ್ಟ ಇಬ್ಬರು ಕಾಂಗ್ರೆಸ್ಸಿಗರು ದಿನದ ರಾಜಕೀಯವನ್ನು ಮಾತಾಡಿಕೊಳ್ಳುವ ‘ಪ್ರೈವೇಟ್ ವ್ಯೂ’ ಎಂಬ ಅವರ ಸಣ್ಣ ಚಿತ್ರ ಓದುಗರ ನಿತ್ಯದ ಅಭ್ಯಾಸವಾಯಿತು. ಆ ಇಬ್ಬರಲ್ಲಿ ಯಾರೂ ಖಳರಲ್ಲ. ಅಧಿಕಾರದ ಅಂಚಿನಲ್ಲಿ ನಿಂತು, ಗಾಳಿ ಯಾವ ಕಡೆಗೆ ಬೀಸುತ್ತಿದೆ ಎಂದು ಅರಿಯಲು ಹೆಣಗುವ ಸಾಮಾನ್ಯ ಪಕ್ಷನಿಷ್ಠರು. ಆರ್.ಕೆ. ಲಕ್ಷ್ಮಣ್ ಅವರ ಶ್ರೀಸಾಮಾನ್ಯ ಮಾತಿಲ್ಲದೆ ಹೊರಗಿನಿಂದ ನೋಡುತ್ತಾನೆ, ಅಬು ಅವರ ಕಾಂಗ್ರೆಸ್ಸಿಗರು ಒಳಗಿನಿಂದ ಮಾತಾಡುತ್ತಾರೆ. ಒಂದೇ ಕಾಲದ ಆಳ್ವಿಕೆಯನ್ನು ಅರಿಯಲು ಈ ಎರಡು ನೋಟಗಳೂ ಬೇಕು.

1972ರಲ್ಲಿ ಅಬು ರಾಜ್ಯಸಭೆಗೆ ನಾಮಕರಣಗೊಂಡು 1978ರವರೆಗೆ ಸದಸ್ಯರಾಗಿದ್ದರು. ಸಾಹಿತ್ಯ, ವಿಜ್ಞಾನ, ಕಲೆ ಮತ್ತು ಸಮಾಜಸೇವೆಗಳಲ್ಲಿ ವಿಶೇಷ ಅನುಭವವುಳ್ಳ ಹನ್ನೆರಡು ಮಂದಿಯನ್ನು ರಾಷ್ಟ್ರಪತಿ ನಾಮಕರಣ ಮಾಡಬಹುದೆಂದು ಸಂವಿಧಾನ ಹೇಳುತ್ತದೆಯಾದರೂ ಆ ಆಯ್ಕೆ ನಡೆಯುವುದು ಸರ್ಕಾರದ ಸಲಹೆಯಂತೆ. ಸರ್ಕಾರವನ್ನು ಪ್ರತಿದಿನ ವಿಮರ್ಶಿಸಬೇಕಾದವನು ಅದೇ ಸರ್ಕಾರ ಕೊಟ್ಟ ಸ್ಥಾನದಲ್ಲಿ ಕೂರಬಹುದೇ ಎಂಬ ಪ್ರಶ್ನೆ ನ್ಯಾಯವಾದದ್ದು, ಅದಕ್ಕೆ ತತ್ತ್ವದ ಮಟ್ಟದಲ್ಲಿ ಸುಲಭದ ಉತ್ತರವೂ ಇಲ್ಲ. ಅಬು ಅವರ ಮಟ್ಟಿಗೆ ಉತ್ತರ ಸಿಕ್ಕಿದ್ದು 1975ರ ಡಿಸೆಂಬರ್ 10ರ ಪತ್ರಿಕೆಯಲ್ಲಿ.

ಆ ಚಿತ್ರದ ಅರ್ಥ ತಿಳಿಯಬೇಕಾದರೆ ಕಾನೂನಿನ ಎರಡು ಸಂಗತಿ ಗೊತ್ತಿರಬೇಕು. ಸಂಸತ್ತು ಅಧಿವೇಶನದಲ್ಲಿ ಇಲ್ಲದಿರುವಾಗ ತುರ್ತಾಗಿ ಬೇಕಾದ ಕಾನೂನನ್ನು ಮಂತ್ರಿಮಂಡಲದ ಸಲಹೆಯ ಮೇಲೆ ರಾಷ್ಟ್ರಪತಿ ಹೊರಡಿಸುವುದಕ್ಕೆ ಸುಗ್ರೀವಾಜ್ಞೆ ಎಂದು ಹೆಸರು. ಸಂವಿಧಾನದ 123ನೆಯ ವಿಧಿ ಅದಕ್ಕೆ ಅವಕಾಶ ಕೊಡುತ್ತದೆ. ಇನ್ನೊಂದು, 1975ರ ಜೂನ್ 25ರ ರಾತ್ರಿ ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹಮದ್ ಅವರು ತುರ್ತುಪರಿಸ್ಥಿತಿಯ ಘೋಷಣೆಗೆ ಸಹಿ ಹಾಕಿದ್ದು ಪ್ರಧಾನಿ ಇಂದಿರಾ ಗಾಂಧಿ ಒಬ್ಬರ ಮಾತಿನ ಮೇಲೆಯೇ. ಮಂತ್ರಿಮಂಡಲಕ್ಕೆ ವಿಷಯ ತಿಳಿದದ್ದು ಮರುದಿನ ಬೆಳಿಗ್ಗೆ. ಮಂತ್ರಿಮಂಡಲದ ನಿರ್ಣಯ ಬರವಣಿಗೆಯಲ್ಲಿ ಬಂದಲ್ಲದೆ ಇಂಥ ಘೋಷಣೆ ಹೊರಡಿಸಬಾರದೆಂಬ ನಿಯಮ ಸಂವಿಧಾನಕ್ಕೆ ಸೇರಿದ್ದು 1978ರ 44ನೆಯ ತಿದ್ದುಪಡಿಯಲ್ಲಿ. ಹೀಗೆ ಸಹಿ ಎಂಬುದು ಬರಿಯ ವಿಧಿಯಾಗಿಹೋದ ಕಾಲದಲ್ಲಿ ಅಬು ಬಿಡಿಸಿದ ಚಿತ್ರದಲ್ಲಿ ರಾಷ್ಟ್ರಪತಿ ಸ್ನಾನದ ತೊಟ್ಟಿಯಲ್ಲಿ ಕುಳಿತಿದ್ದಾರೆ; ಮೈಮೇಲೆ ಬಟ್ಟೆಯಿಲ್ಲ; ಕೈ ಚಾಚಿ, ಸಹಿ ಮಾಡಿದ ಕಾಗದವನ್ನು ಬಾಗಿಲಲ್ಲಿ ನಿಂತವನಿಗೆ ಕೊಡುತ್ತ, ಇನ್ನೂ ಸುಗ್ರೀವಾಜ್ಞೆಗಳಿದ್ದರೆ ಸ್ವಲ್ಪ ಕಾಯಲು ಹೇಳು ಎನ್ನುತ್ತಿದ್ದಾರೆ.

ಇಂದಿರಾ ಗಾಂಧಿ ಈ ಚಿತ್ರದಲ್ಲಿ ಇಲ್ಲ, ಸೆರೆಮನೆ ಇಲ್ಲ, ಪೊಲೀಸ್ ಇಲ್ಲ. ಪತ್ರಿಕೆಗಳ ಮೇಲೆ ಮುಂಗಡ ಸೆನ್ಸಾರ್ ಇದ್ದ ಆ ದಿನಗಳಲ್ಲಿ ಇವುಗಳಲ್ಲಿ ಯಾವುದನ್ನು ಬಿಡಿಸಿದ್ದರೂ ಚಿತ್ರ ಅಚ್ಚಾಗುವುದು ಕಷ್ಟವಿತ್ತು. ಚಿತ್ರ ಆಡಿ ತೋರಿಸುವುದು ಒಂದು ಸಣ್ಣ ಗೃಹಕೃತ್ಯವನ್ನು ಮಾತ್ರ, ಆದರೆ ಅದರಿಂದ ಮೂರು ಸಂಗತಿ ಒಟ್ಟಿಗೆ ತಿಳಿಯುತ್ತವೆ: ಆಜ್ಞೆಗಳು ಎಷ್ಟು ವೇಗದಲ್ಲಿ ಬರುತ್ತಿದ್ದವೆಂದರೆ ಸ್ನಾನಕ್ಕೂ ಬಿಡುವಿರಲಿಲ್ಲ, ಸಹಿ ಮಾಡುವವರು ಓದುತ್ತಿರಲಿಲ್ಲ, ಗಣರಾಜ್ಯದ ಅತ್ಯುನ್ನತ ಪದವಿಯ ಮಾನವನ್ನು ಮುಚ್ಚಲು ಏನೂ ಉಳಿದಿರಲಿಲ್ಲ. ತುರ್ತುಪರಿಸ್ಥಿತಿಯ ಕುರಿತು ಬಂದ ಉದ್ದದ ಗ್ರಂಥಗಳು ಸಂವಿಧಾನದ ಈ ಕುಸಿತವನ್ನು ಅಧ್ಯಾಯಗಳಲ್ಲಿ ವಿವರಿಸಿವೆ, ಆದರೆ ಈ ಚಿತ್ರದಷ್ಟು ನಿಖರವಾಗಿ ಹೇಳಿದ ಪುಟ ಸಿಗುವುದು ಅಪರೂಪ. ನಾಮಕರಣಗೊಂಡ ಸಂಸದನಾಗಿದ್ದುಕೊಂಡೇ ಅವರು ಇದನ್ನು ಬಿಡಿಸಿದರೆಂಬುದು ಅದರ ಬೆಲೆಯನ್ನು ಹೆಚ್ಚಿಸುತ್ತದೆ. ಅದೇ 1975ರ ಆಗಸ್ಟ್ 31ರ ಸಂಚಿಕೆಯೊಂದಿಗೆ ‘ಶಂಕರ್ಸ್ ವೀಕ್ಲಿ’ ನಿಂತುಹೋಗಿತ್ತು. ಸರ್ವಾಧಿಕಾರ ನಗೆಯನ್ನು ಸಹಿಸದು ಎಂಬ ಅರ್ಥದ ಮಾತನ್ನು ಶಂಕರ್ ತಮ್ಮ ಕೊನೆಯ ಸಂಪಾದಕೀಯದಲ್ಲಿ ಬರೆದಿದ್ದರು. ತುರ್ತುಪರಿಸ್ಥಿತಿ ಕಳೆದ ಮೇಲೆ, 1977ರಲ್ಲಿ, ಅಬು ಆ ಕಾಲದ ತಮ್ಮ ಚಿತ್ರಗಳನ್ನು ‘ದಿ ಗೇಮ್ಸ್ ಆಫ್ ಎಮರ್ಜೆನ್ಸಿ’ ಎಂಬ ಪುಸ್ತಕವಾಗಿ ತಂದರು.

1981ರಲ್ಲಿ ‘ಎಕ್ಸ್‌ಪ್ರೆಸ್’ ಬಿಟ್ಟ ಮೇಲೆ ಅವರು ‘ಸಾಲ್ಟ್ ಅಂಡ್ ಪೆಪರ್’ ಎಂಬ ಸ್ಟ್ರಿಪ್ ಆರಂಭಿಸಿ ಸುಮಾರು ಎರಡು ದಶಕ ನಡೆಸಿದರು. ಸ್ಟ್ರಿಪ್ ಎಂದರೆ ಒಂದೇ ಸಾಲಿನಲ್ಲಿ ಮೂರೋ ನಾಲ್ಕೋ ಚೌಕಗಳನ್ನು ಜೋಡಿಸಿ, ಒಂದು ಕ್ಷಣದಿಂದ ಮುಂದಿನ ಕ್ಷಣಕ್ಕೆ ಓದುಗನನ್ನು ನಡೆಸುವ ಚಿತ್ರಪಟ್ಟಿ. ಬಿಡಿ ವ್ಯಂಗ್ಯಚಿತ್ರ ಒಂದು ಕ್ಷಣವನ್ನು ಹಿಡಿದು ನಿಲ್ಲಿಸಿದರೆ ಸ್ಟ್ರಿಪ್ಪಿಗೆ ಕಾಲ ಎಂಬ ಇನ್ನೊಂದು ಸಾಧನ ಕೂಡುತ್ತದೆ. 1988ರಲ್ಲಿ ಅವರು ಸಂಪಾದಿಸಿದ ‘ಪೆಂಗ್ವಿನ್ ಬುಕ್ ಆಫ್ ಇಂಡಿಯನ್ ಕಾರ್ಟೂನ್ಸ್’ ಹೊರಬಂತು. ಅದೇ ಕಾಲಕ್ಕೆ ಅವರು ತಿರುವನಂತಪುರಕ್ಕೆ ಮರಳಿದರು. ಅಲ್ಲಿ ಅವರಿಗೆ ಮನೆ ಕಟ್ಟಿಕೊಟ್ಟವರು ಲಾರಿ ಬೇಕರ್. ಇಂಗ್ಲೆಂಡಿನಲ್ಲಿ ಹುಟ್ಟಿ ಕೇರಳದವರೇ ಆಗಿಹೋದ ಈ ವಾಸ್ತುಶಿಲ್ಪಿ, ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ ನಡುವೆ ಪೊಳ್ಳು ಬಿಟ್ಟು ಗೋಡೆ ಕಟ್ಟುವ ವಿಧಾನದಿಂದ ಇಟ್ಟಿಗೆಯನ್ನೂ ಗಾರೆಯನ್ನೂ ಉಳಿಸಿದವರು, ಗೋಡೆಗೆ ಗಿಲಾವಿನ ಹೊದಿಕೆ ಅನಗತ್ಯವೆಂದು ವಾದಿಸಿದವರು, ಮತ್ತು ಕಡಿಮೆ ವೆಚ್ಚದ ಮನೆಗಳ ಕುರಿತ ತಮ್ಮ ಕಿರುಹೊತ್ತಗೆಗಳಿಗೆ ತಾವೇ ವ್ಯಂಗ್ಯಚಿತ್ರ ಬಿಡಿಸುತ್ತಿದ್ದವರು. ಬೇಡದ್ದನ್ನು ತೆಗೆದುಹಾಕುವುದನ್ನೇ ತಮ್ಮ ಕಲೆಯ ಶಿಸ್ತಾಗಿ ಮಾಡಿಕೊಂಡಿದ್ದ ಈ ಇಬ್ಬರು ಒಂದು ಮನೆಯ ವಿಷಯದಲ್ಲಿ ಜೊತೆಯಾದದ್ದು ಬಹಳ ಸಹಜವಾಗಿ ತೋರುತ್ತದೆ. 2002ರ ಡಿಸೆಂಬರ್ 1ರಂದು ಅಬು ತಿರುವನಂತಪುರದಲ್ಲಿಯೇ ನಿಧನರಾದರು.

ಅಬು ಇಂಗ್ಲಿಷ್ ಪತ್ರಿಕೆಯ ಚಿತ್ರಕಾರರಾಗಿದ್ದುದರಿಂದ ಅವರ ಓದುಗರು ದೇಶದಾದ್ಯಂತ ಇದ್ದರು, ಅವರ ಪಾತ್ರಗಳು ದೆಹಲಿಯ ರಾಜಕಾರಣಿಗಳಾಗಿದ್ದರು. ಯೇಶುದಾಸನ್ ಆಯ್ದುಕೊಂಡ ಲೋಕ ಬೇರೆ. ಮಾವೇಲಿಕ್ಕರದ ಬಳಿಯ ಭರಣಿಕ್ಕಾವಿನಲ್ಲಿ 1938ರ ಜೂನ್ 12ರಂದು ಹುಟ್ಟಿದ ಅವರು 1959ರಲ್ಲಿ, ಕೊಲ್ಲಂನಿಂದ ಹೊರಡುತ್ತಿದ್ದ ಕಮ್ಯುನಿಸ್ಟ್ ಪಕ್ಷದ ‘ಜನಯುಗಂ’ ಪತ್ರಿಕೆಯಲ್ಲಿ ‘ಕಿಟ್ಟುಮ್ಮಾನ್’ ಎಂಬ ಪಾಕೆಟ್ ಕಾರ್ಟೂನನ್ನು ಆರಂಭಿಸಿದರು. ಪತ್ರಿಕೆಯ ಒಂದು ಕಾಲಮ್ಮಿನ ಅಗಲದೊಳಗೆ ಚಿತ್ರವೂ ಮಾತೂ ಮುಗಿಯಬೇಕಾದ ಈ ಪ್ರಕಾರವನ್ನು ಲಂಡನ್ನಿನ ‘ಡೈಲಿ ಎಕ್ಸ್‌ಪ್ರೆಸ್’ನಲ್ಲಿ 1939ರಲ್ಲಿ ಆಸ್ಬರ್ಟ್ ಲ್ಯಾಂಕಾಸ್ಟರ್ ರೂಢಿಗೆ ತಂದಿದ್ದರು; ಮಲಯಾಳ ದಿನಪತ್ರಿಕೆಯಲ್ಲಿ ಅದನ್ನು ಮೊದಲು ನೆಲೆಗೊಳಿಸಿದ ಕೀರ್ತಿ ಯೇಶುದಾಸನ್ ಅವರದು. ಆ ವರ್ಷವೂ ಸಾಮಾನ್ಯ ವರ್ಷವಾಗಿರಲಿಲ್ಲ. 1957ರಲ್ಲಿ ಚುನಾವಣೆಯಿಂದ ಅಧಿಕಾರಕ್ಕೆ ಬಂದ ಇ.ಎಂ.ಎಸ್. ನಂಬೂದಿರಿಪಾಡರ ಸರ್ಕಾರವನ್ನು ಕೇಂದ್ರವು 1959ರ ಜುಲೈ 31ರಂದು ವಜಾ ಮಾಡಿತು. ಅದಕ್ಕೆ ಮುಂಚಿನ ತಿಂಗಳುಗಳಲ್ಲಿ ಕೇರಳದ ಬೀದಿಗಳು ಮೆರವಣಿಗೆ, ಪಿಕೆಟಿಂಗ್, ಗೋಲಿಬಾರುಗಳಿಂದ ಕುದಿಯುತ್ತಿದ್ದವು. ಮನೆಯೊಳಗಿನ ಮಾತಿನಂತೆ ಕಾಣುವ ಸಣ್ಣ ಚೌಕದಲ್ಲಿ ಆ ಕುದಿತವನ್ನು ಹಿಡಿಯುವ ಕಲೆಯನ್ನು ಇಪ್ಪತ್ತೊಂದರ ತರುಣ ಅಲ್ಲಿ ಕಲಿತ.

1963ರಲ್ಲಿ ‘ಶಂಕರ್ಸ್ ವೀಕ್ಲಿ’ ಸೇರಿದ ಅವರು ಅಬು ಅವರಂತೆ ಅಲ್ಲಿಂದ ಲಂಡನ್ನಿಗೆ ಹೋಗಲಿಲ್ಲ. ಕೇರಳಕ್ಕೆ ಮರಳಿ ‘ಬಾಲಯುಗಂ’ ಎಂಬ ಮಕ್ಕಳ ಪತ್ರಿಕೆಯನ್ನು ಸಂಪಾದಿಸಿ, ‘ಅಸಾಧು’ ಮೊದಲಾದ ಹಾಸ್ಯಪತ್ರಿಕೆಗಳನ್ನು ನಡೆಸಿ, 1985ರಲ್ಲಿ ‘ಮಲಯಾಳ ಮನೋರಮಾ’ ಸೇರಿ ಎರಡು ದಶಕಗಳಿಗೂ ಹೆಚ್ಚು ಕಾಲ ಅಲ್ಲಿ ಬಿಡಿಸಿದರು. ಕಚೇರಿಯ ಪೊನ್ನಮ್ಮ ಸೂಪರಿಂಟೆಂಡೆಂಟ್, ‘ವನಿತಾ’ ಪತ್ರಿಕೆಯ ಮಿಸೆಸ್ ನಾಯರ್ ಮುಂತಾದ ಅವರ ಪಾತ್ರಗಳ ಹಿಂದೆ ಸರ್ಕಾರಿ ಕಚೇರಿ, ಬಾಡಿಗೆ ಮನೆ, ಮದುವೆಯ ಖರ್ಚು, ಪಡಿತರದ ಸಾಲು ಎಂಬ ಮಧ್ಯಮವರ್ಗದ ಇಡೀ ಸಂಸಾರವಿತ್ತು. ಇ.ಕೆ. ನಾಯನಾರ್ ಮತ್ತು ಕೆ. ಕರುಣಾಕರನ್ ಎಂಬ ಇಬ್ಬರು ಮುಖ್ಯಮಂತ್ರಿಗಳನ್ನು ಅವರು ಎಷ್ಟು ಕಾಲ, ಎಷ್ಟು ಭಂಗಿಗಳಲ್ಲಿ ಬಿಡಿಸಿದರೆಂದರೆ ಆ ಚಿತ್ರಗಳೇ ಬೇರೆಬೇರೆ ಪುಸ್ತಕಗಳಾದವು.

ಅವರ ಕೆಲಸದಲ್ಲಿ ಕನ್ನಡದ ಓದುಗರು ವಿಶೇಷವಾಗಿ ಗಮನಿಸಬೇಕಾದದ್ದು, ಬಹುಶಃ, ಕಾಗದದ ಮೇಲಿನದಲ್ಲ. ಕೆ.ಜಿ. ಜಾರ್ಜ್ ನಿರ್ದೇಶಿಸಿದ ‘ಪಂಚವಡಿ ಪಾಲಂ’ ಎಂಬ 1984ರ ಚಿತ್ರಕ್ಕೆ ಸಂಭಾಷಣೆ ಬರೆದವರು ಯೇಶುದಾಸನ್. ವೇಳೂರು ಕೃಷ್ಣನ್‌ಕುಟ್ಟಿಯವರ ಕಥೆಯನ್ನು ಆಧರಿಸಿದ ಈ ಚಿತ್ರದಲ್ಲಿ ಪಂಚಾಯಿತಿಯೊಂದು ಗಟ್ಟಿಯಾಗಿಯೇ ಇರುವ ಸೇತುವೆಯನ್ನು ಕಮಿಷನ್ನಿನ ಆಸೆಗೆ ಕೆಡವಿಸಿ ಹೊಸದನ್ನು ಕಟ್ಟಿಸುತ್ತದೆ, ಹೊಸದು ಉದ್ಘಾ‌ಟನೆಯ ದಿನವೇ ಕುಸಿಯುತ್ತದೆ. ಪಾತ್ರಗಳ ವೇಷ, ನಡಿಗೆ, ಮಾತು ಎಲ್ಲವೂ ಉತ್ಪ್ರೇಕ್ಷೆಗೊಂಡು, ವ್ಯಂಗ್ಯಚಿತ್ರದ ಚೌಕಗಳೇ ಎದ್ದು ಓಡಾಡುತ್ತಿರುವಂತೆ ಇರುವ ಈ ಚಿತ್ರ ಮಲಯಾಳದ ಶ್ರೇಷ್ಠ ರಾಜಕೀಯ ವಿಡಂಬನೆ. ಕೊಚ್ಚಿಯ ಪಾಲಾರಿವಟ್ಟಂ ಮೇಲ್ಸೇತುವೆ 2016ರಲ್ಲಿ ತೆರೆದು ಮೂರೇ ವರ್ಷಗಳಲ್ಲಿ, 2019ರಲ್ಲಿ, ಕಾಮಗಾರಿಯ ದೋಷದಿಂದ ಮುಚ್ಚಬೇಕಾಗಿ ಬಂದು ಪುನರ್ನಿರ್ಮಾಣಗೊಂಡಾಗ ಕೇರಳದ ಜನರ ಬಾಯಿಗೆ ಬಂದ ಹೆಸರು ‘ಪಂಚವಡಿ ಪಾಲಂ’. ಮೂವತ್ತೈದು ವರ್ಷ ಹಳೆಯ ವಿಡಂಬನೆಯೊಂದು ಹೊಸ ಹಗರಣಕ್ಕೆ ತಾನಾಗಿಯೇ ಹೆಸರಾಗಬೇಕಾದರೆ ಅದರ ಕಣ್ಣು ವ್ಯಕ್ತಿಗಳನ್ನು ದಾಟಿ ವ್ಯವಸ್ಥೆಯ ಮೇಲೆಯೇ ನೆಟ್ಟಿರಬೇಕು. ಕೇರಳ ಕಾರ್ಟೂನ್ ಅಕಾಡೆಮಿಯ ಸ್ಥಾಪಕ ಅಧ್ಯಕ್ಷರಾಗಿ, ಕೇರಳ ಲಲಿತಕಲಾ ಅಕಾಡೆಮಿಯ ಅಧ್ಯಕ್ಷರಾಗಿ ಕಿರಿಯರಿಗೆ ವೇದಿಕೆ ಕಟ್ಟಿಕೊಟ್ಟ ಯೇಶುದಾಸನ್ 2021ರ ಅಕ್ಟೋಬರ್ 6ರಂದು ಕೊಚ್ಚಿಯಲ್ಲಿ ತೀರಿಕೊಂಡರು.

ಈ ಇಬ್ಬರ ನಡುವೆ, ರಾಜಕೀಯ ವ್ಯಂಗ್ಯಚಿತ್ರದ ಹೊರಗೆ, ಜಿ. ಅರವಿಂದನ್ ಅವರನ್ನು ನೆನೆಯದಿದ್ದರೆ ಕೇರಳದ ಚಿತ್ರಕಥನದ ಮಾತು ಅಪೂರ್ಣವಾಗುತ್ತದೆ. ಚಲನಚಿತ್ರ ನಿರ್ದೇಶಕರಾಗಿ ಕನ್ನಡಿಗರಿಗೆ ಪರಿಚಿತರಾದ ಅವರು ರಬ್ಬರ್ ಮಂಡಳಿಯಲ್ಲಿ ನೌಕರಿ ಮಾಡುತ್ತ, 1961ರಿಂದ 1973ರವರೆಗೆ ‘ಮಾತೃಭೂಮಿ’ ವಾರಪತ್ರಿಕೆಯಲ್ಲಿ ‘ಚೆರಿಯ ಮನುಷ್ಯರುಂ ವಲಿಯ ಲೋಕವುಂ’, ಎಂದರೆ ಸಣ್ಣ ಮನುಷ್ಯರು ಮತ್ತು ದೊಡ್ಡ ಲೋಕ, ಎಂಬ ಸ್ಟ್ರಿಪ್ ಬಿಡಿಸಿದರು. ಕಾಮಿಕ್ಸ್ ಲೋಕದ ಬಹುತೇಕ ಪಾತ್ರಗಳಿಗೆ ವಯಸ್ಸಾಗುವುದಿಲ್ಲ. ‘ಮನೋರಮಾ’ ವಾರಪತ್ರಿಕೆಯ ಕೊನೆಯ ಪುಟದಲ್ಲಿ ಟಾಂಸ್ ಬಿಡಿಸುತ್ತಿದ್ದ ಬೋಬನ್ ಮತ್ತು ಮೋಳಿ ದಶಕಗಳುದ್ದಕ್ಕೂ ಶಾಲೆಯ ಮಕ್ಕಳಾಗಿಯೇ ಉಳಿದರು. ಅಮೆರಿಕದ ‘ಗ್ಯಾಸೊಲೀನ್ ಆ್ಯಲಿ’ಯಂಥ ಕೆಲವೇ ಸ್ಟ್ರಿಪ್‌ಗಳಲ್ಲಿ ಪಾತ್ರಗಳು ಓದುಗರೊಂದಿಗೆ ಮುಪ್ಪಾಗುತ್ತವೆ. ಅರವಿಂದನ್ ಅವರ ರಾಮು ಕೆಲಸವಿಲ್ಲದ, ಆದರ್ಶವುಳ್ಳ ತರುಣನಾಗಿ ಆರಂಭಿಸಿ, ಹಿರಿಯನಾದ ಗುರೂಜಿಯ ಒಡನಾಟದಲ್ಲಿ ಬೆಳೆದು, ಹನ್ನೆರಡು ವರ್ಷಗಳ ಕೊನೆಗೆ ಹಣವಂತನೂ ರಾಜಿಗೆ ಒಗ್ಗಿಕೊಂಡವನೂ ಆಗುತ್ತಾನೆ. ಸ್ವಾತಂತ್ರ್ಯಾನಂತರದ ಒಂದು ತಲೆಮಾರಿನ ನೈತಿಕ ಇಳಿತವನ್ನು ವಾರವಾರವೂ ದಾಖಲಿಸಿದ ಈ ಕೃತಿಯನ್ನು ಕಾದಂಬರಿಯೆಂದೇ ಓದಬೇಕು. ರಾಮುವಿನ ಲೋಕವನ್ನು ಮುಗಿಸುತ್ತಿದ್ದಂತೆ ಅವರು ‘ಉತ್ತರಾಯಣಂ’ ಮೂಲಕ ಚಲನಚಿತ್ರಕ್ಕೆ ಬಂದರು, ‘ಕಾಂಚನ ಸೀತಾ’, ‘ತಂಪ್’, ‘ಕುಮ್ಮಾಟ್ಟಿ’, ‘ಚಿದಂಬರಂ’ಗಳನ್ನು ಕೊಟ್ಟರು, ಮತ್ತು 1991ರ ಮಾರ್ಚ್ 15ರಂದು ತಿರುವನಂತಪುರದಲ್ಲಿ ತೀರಿಕೊಂಡರು. ಜೀರ್ಣೋದ್ಧಾರಗೊಂಡ ‘ತಂಪ್’ 2022ರ ಕಾನ್ ಉತ್ಸವದಲ್ಲಿ ಪ್ರದರ್ಶನಗೊಂಡಿತು; ರಾಮುವಿನ ಸ್ಟ್ರಿಪ್ ಮಲಯಾಳ ಬಲ್ಲವರ ಕೈಯಲ್ಲಿ ಮಾತ್ರ ಉಳಿದಿದೆ.

ಇಲ್ಲಿಯೇ ಭಾಷೆಯ ಪ್ರಶ್ನೆ ಬರುತ್ತದೆ. ಅಬು ಅವರ ತೊಟ್ಟಿಯ ಚಿತ್ರ ಎನ್‌ಸಿಇಆರ್‌ಟಿಯ ಹನ್ನೆರಡನೆಯ ತರಗತಿಯ ರಾಜ್ಯಶಾಸ್ತ್ರ ಪುಸ್ತಕಕ್ಕೆ ಸೇರಿ ದೇಶದ ಮಕ್ಕಳಿಗೆ ತಲುಪಿತು. ಪಠ್ಯಪುಸ್ತಕದಲ್ಲಿ ವ್ಯಂಗ್ಯಚಿತ್ರ ಇಡುವುದು ಅಪಾಯವಿಲ್ಲದ ಕೆಲಸವಲ್ಲವೆಂಬುದೂ ನಿಜ: ಸಂವಿಧಾನ ರಚನೆಯ ನಿಧಾನವನ್ನು ಕುರಿತು ಶಂಕರ್ 1949ರಲ್ಲಿ ಬಿಡಿಸಿದ, ಬಸವನಹುಳುವಿನ ಮೇಲೆ ಕುಳಿತ ಅಂಬೇಡ್ಕರರನ್ನೂ ಹಿಂದೆ ಚಾಟಿ ಹಿಡಿದ ನೆಹರೂರನ್ನೂ ತೋರಿಸುವ ಚಿತ್ರ 2012ರಲ್ಲಿ ಸಂಸತ್ತಿನಲ್ಲಿ ದೊಡ್ಡ ವಿವಾದವಾಗಿ, ಅದನ್ನು ಒಳಗೊಂಡಿದ್ದ ಪಠ್ಯಪುಸ್ತಕದ ಮುಖ್ಯ ಸಲಹೆಗಾರರಾದ ಯೋಗೇಂದ್ರ ಯಾದವ್ ಮತ್ತು ಸುಹಾಸ್ ಪಳಶೀಕರ್ ರಾಜೀನಾಮೆ ಕೊಟ್ಟರು. ದಲಿತ ಓದುಗರಿಗೆ ಚಾಟಿಯ ಚಿತ್ರ ಬರಿಯ ಆತುರದ ಸಂಕೇತವಾಗಿ ಕಾಣುವುದು ಸಾಧ್ಯವಿಲ್ಲವೆಂಬ ಆಕ್ಷೇಪದಲ್ಲಿ ಸತ್ಯವಿದೆ, ಮತ್ತು ಶಂಕರ್ ಅವರಂಥ ದೊಡ್ಡವರ ಕಣ್ಣಿಗೂ ಕಾಣದೆ ಉಳಿದದ್ದು ಏನೆಂದು ಅದು ತೋರಿಸಿಕೊಟ್ಟಿತು. ಆದರೆ ಈ ಚರ್ಚೆ ನಡೆಯಲು ಸಾಧ್ಯವಾದದ್ದೇ ಚಿತ್ರವು ತನ್ನ ದಿನಾಂಕ ಮತ್ತು ಸಂದರ್ಭಗಳ ಸಮೇತ ಉಳಿದಿತ್ತೆಂಬ ಕಾರಣಕ್ಕೆ. ಇಂಗ್ಲಿಷಿನಲ್ಲಿ ಬಂದ ಚಿತ್ರಗಳಿಗೆ ಸಂಕಲನ, ಪ್ರದರ್ಶನ, ಪಠ್ಯ, ವಿವಾದ ಎಲ್ಲವೂ ದೊರೆಯುತ್ತವೆ. ಯೇಶುದಾಸನ್ ಅವರ ಚೌಕವೊಂದನ್ನು ಇಂದಿನವರು ಓದಬೇಕಾದರೆ ಆ ದಿನದ ಮಲಯಾಳ ಪತ್ರಿಕೆಯ ಸುದ್ದಿ ಬೇಕು, ಆ ಮಂತ್ರಿಯ ಮಾತಿನ ಧಾಟಿ ಗೊತ್ತಿರಬೇಕು. ಸ್ಥಳೀಯವಾಗಿರುವುದೇ ಅಂಥ ಚಿತ್ರದ ಸತ್ವ, ಅದು ಬೇಗ ಮರೆಯಾಗುವುದಕ್ಕೂ ಅದೇ ಕಾರಣ.

ಕೇರಳವಾದರೂ ಈ ನಷ್ಟವನ್ನು ಅರಿತು ಕೆಲವು ಕೆಲಸ ಮಾಡಿದೆ. ಕಾಯಂಕುಳದ ಕೃಷ್ಣಪುರದಲ್ಲಿ ಲಲಿತಕಲಾ ಅಕಾಡೆಮಿಯು ಶಂಕರ್ ಸ್ಮರಣೆಯ ರಾಷ್ಟ್ರೀಯ ಕಾರ್ಟೂನ್ ಸಂಗ್ರಹಾಲಯವನ್ನು ನಡೆಸುತ್ತಿದೆ. ಕರ್ನಾಟಕದ ಸ್ಥಿತಿಯೂ ಪೂರ್ತಿ ಬರಿದಲ್ಲ: ಬೆಂಗಳೂರಿನ ಎಂ.ಜಿ. ರಸ್ತೆಯ ಬಳಿ, ಮಿಡ್‌ಫೋರ್ಡ್ ಹೌಸ್‌ನಲ್ಲಿ, ಭಾರತೀಯ ವ್ಯಂಗ್ಯಚಿತ್ರಕಾರರ ಸಂಸ್ಥೆಯ ಗ್ಯಾಲರಿ 2007ರಿಂದ ದೇಶದ ನಾನಾ ಚಿತ್ರಕಾರರ ಕೃತಿಗಳನ್ನು ಪ್ರದರ್ಶಿಸುತ್ತ ಬಂದಿದೆ. ರಾಶಿಯವರು 1942ರಿಂದ 1967ರವರೆಗೆ ನಡೆಸಿದ ‘ಕೊರವಂಜಿ’ ಹಾಸ್ಯಪತ್ರಿಕೆಯಲ್ಲಿ ಮೈಸೂರಿನ ಹುಡುಗ ಆರ್.ಕೆ. ಲಕ್ಷ್ಮಣ್ ಬಿಡಿಸಿದ್ದು ಎಲ್ಲರೂ ಅಭಿಮಾನದಿಂದ ಹೇಳುವ ಸಂಗತಿ. ಆದರೆ ಲಕ್ಷ್ಮಣ್ ಉಳಿದದ್ದು, ಅಬು ಉಳಿದಂತೆಯೇ, ಇಂಗ್ಲಿಷ್ ಪತ್ರಿಕೆಯ ಬಲದಿಂದ. ಕನ್ನಡ ದಿನಪತ್ರಿಕೆಗಳಲ್ಲಿ ಏಕೀಕರಣದ ದಿನಗಳಿಂದ ಗೋಕಾಕ್ ಚಳವಳಿಯವರೆಗೆ, ರೈತ ಹೋರಾಟದಿಂದ ಕಾವೇರಿ ವಿವಾದದವರೆಗೆ ದಿನವೂ ಬಂದ ಚಿತ್ರಗಳು ಪತ್ರಿಕಾ ಕಚೇರಿಗಳ ಹಳೆಯ ಕಡತಗಳಲ್ಲಿಯೂ ಚಿತ್ರಕಾರರ ಮನೆಯ ಪೆಟ್ಟಿಗೆಗಳಲ್ಲಿಯೂ ಚದುರಿವೆ. ಕನ್ನಡದ ಪತ್ರಿಕಾ ಸಂಸ್ಥೆಗಳು, ಮಾಧ್ಯಮ ಅಕಾಡೆಮಿ, ಲಲಿತಕಲಾ ಅಕಾಡೆಮಿ ಮತ್ತು ವಿಶ್ವವಿದ್ಯಾಲಯಗಳ ಪತ್ರಿಕೋದ್ಯಮ ವಿಭಾಗಗಳು ಒಟ್ಟಾಗಿ ಅವುಗಳನ್ನು ಸ್ಕ್ಯಾನ್ ಮಾಡಿಸಿ, ಪ್ರತಿ ಚಿತ್ರದ ಕೆಳಗೆ ದಿನಾಂಕವನ್ನೂ ಆ ದಿನದ ಸುದ್ದಿಯನ್ನು ಎರಡು ಸಾಲುಗಳಲ್ಲಿ ವಿವರಿಸುವ ಟಿಪ್ಪಣಿಯನ್ನೂ ಸೇರಿಸಿ, ಸಂಪುಟಗಳಾಗಿ ಹೊರತರಬೇಕು. ಆ ಟಿಪ್ಪಣಿಗಳನ್ನು ಬರೆಯಬಲ್ಲ ಹಿರಿಯ ಪತ್ರಕರ್ತರೂ ಚಿತ್ರಕಾರರೂ ಇರುವಾಗಲೇ ಈ ಕೆಲಸ ಆರಂಭವಾಗಬೇಕು.